ಅರ್ಧ ದಿನದ ನಗರ ದರ್ಶನ: ಕುಷಾಯಿಗೂಡದಿಂದ ಮೂಸಿಯ ದಡದವರೆಗೆ

ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕಿಗೆ ಹೋಗಿ ಬಂದ ಕನ್ನಡ ಕುಟುಂಬಗಳು ಈಗ ನಮ್ಮ ಕುಷಾಯಿಗೂಡದಲ್ಲಿಯೂ ಅಪರೂಪವಲ್ಲ. ಅಂಥವರೊಡನೆ ಮಾತಿಗೆ ಕುಳಿತರೆ ಅಲ್ಲಿನ 'ಅರ್ಧ ದಿನದ ನಗರ ದರ್ಶನ'ದ ಪ್ರಸ್ತಾಪ ಬಂದೇ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಹೋಟೆಲಿನ ಬಾಗಿಲಿಗೆ ಬಸ್ಸು. ಕೈಯಲ್ಲಿ ಪುಟ್ಟ ಬಾವುಟ ಹಿಡಿದ ಮಾರ್ಗದರ್ಶಿ. ಎರಡು ಮೂರು ದೇವಾಲಯಗಳು. ಕೊನೆಯಲ್ಲಿ ತಪ್ಪದೆ ಒಂದು ರತ್ನಾಭರಣದ ಮಳಿಗೆ. ಮಧ್ಯಾಹ್ನದ ಊಟಕ್ಕೆ ಮರಳಿ ಹೋಟೆಲು. ನಾವೂ ಕೆಲವು ಕುಟುಂಬಗಳು ಕೂಡಿ ಆ ದರ್ಶನ ಮಾಡಿ ಬಂದೆವು. ವಾಟ್ ಫೋ ದೇವಾಲಯದ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ಕಂಡು ಬೆರಗಾದೆವು. ಆದರೆ ಹೆಚ್ಚು ಕಾಲ ನೆನಪಿನಲ್ಲಿ ಉಳಿದದ್ದು ವಾಟ್ ತ್ರೈಮಿತ್ ದೇವಾಲಯದ ಚಿನ್ನದ ಬುದ್ಧ. ಸುಮಾರು ಐದೂವರೆ ಟನ್ ತೂಕದ ಆ ವಿಗ್ರಹ ಬಹುಕಾಲ ಗಾರೆಯ ಹೊದಿಕೆಯೊಳಗಿತ್ತು. ಅದನ್ನು ನೋಡುತ್ತಿದ್ದವರಿಗೆಲ್ಲ ಅದು ಸಾಧಾರಣ ಗಾರೆಯ ಮೂರ್ತಿ. 1955ರಲ್ಲಿ ಸ್ಥಳಾಂತರಿಸುವಾಗ ಗಾರೆ ಒಡೆದು ಒಳಗಿನ ಚಿನ್ನ ಬೆಳಕಿಗೆ ಬಂತು.

ಊರಿಗೆ ಮರಳಿದ ಮೇಲೆ ನಮ್ಮ ಮಕ್ಕಳಲ್ಲೊಬ್ಬಳು ಕೇಳಿದಳು: "ಬ್ಯಾಂಕಾಕನ್ನು ಮಾರ್ಗದರ್ಶಿ ತೋರಿಸಿದರು. ಹೈದರಾಬಾದನ್ನು ನಮಗೆ ಯಾರು ತೋರಿಸುತ್ತಾರೆ?"

ಉತ್ತರ ಹೇಳಲು ನಾವು ತಡವರಿಸಿದೆವು. ಇ.ಸಿ.ಐ.ಎಲ್., ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್, ಚೆರ್ಲಪಲ್ಲಿಯ ಕೈಗಾರಿಕೆಗಳು ಎಂದು ಹೊಟ್ಟೆಪಾಡಿಗಾಗಿ ಬಂದು ಇಲ್ಲಿಯೇ ಮನೆ ಕಟ್ಟಿಕೊಂಡವರು ನಾವು. ಬಾಳಿನ ಬಹುಪಾಲು ಇಲ್ಲಿಯೇ ಕಳೆದಿದ್ದರೂ ನಮಗೆ ಹೈದರಾಬಾದೆಂದರೆ ಮನೆಯಿಂದ ಕಾರ್ಖಾನೆಗೆ, ಮನೆಯಿಂದ ಸಂತೆಗೆ, ರಜೆ ಬಂದರೆ ಮನೆಯಿಂದ ಕಾಚಿಗೂಡ ನಿಲ್ದಾಣಕ್ಕೆ. ನೆಂಟರು ಬಂದಾಗ ಚಾರ್‌ಮಿನಾರ್ ತೋರಿಸಿ ಬಳೆ ಕೊಡಿಸಿ ಕಳಿಸುವುದು ಪದ್ಧತಿ. ಗಾರೆಯ ಮೂರ್ತಿಯನ್ನು ದಿನವೂ ಕಂಡು ಸುಮ್ಮನಿದ್ದವರ ಸಾಲಿಗೆ ನಾವೂ ಸೇರಿದ್ದೆವು.

ಆ ಪ್ರಶ್ನೆಯ ಫಲವಾಗಿ ನಾವು ನಮ್ಮದೇ ಊರಿನಲ್ಲಿ ಒಂದು ಅರ್ಧ ದಿನದ ದರ್ಶನವನ್ನು ರೂಪಿಸಿಕೊಂಡೆವು. ಈಗ ವರ್ಷಕ್ಕೊಮ್ಮೆಯಾದರೂ ಅದನ್ನು ನಡೆಸುತ್ತಿದ್ದೇವೆ. ಇದೇ ಬಗೆಯಲ್ಲಿ ಹೊರಡಬಯಸುವ ಕನ್ನಡ ಬಾಂಧವರಿಗೆ ಉಪಯೋಗವಾಗಲೆಂದು ಅದರ ಕ್ರಮವನ್ನೂ ಅದರ ಹಿಂದಿರುವ ಕಥೆಯನ್ನೂ ಇಲ್ಲಿ ನಿವೇದಿಸುತ್ತಿದ್ದೇವೆ.

ಒಂದೇ ಕಥೆಯ ಸೂತ್ರ

ಅರ್ಧ ದಿನದಲ್ಲಿ ನಗರವನ್ನೆಲ್ಲ ನೋಡುವೆವೆಂಬುದು ಭ್ರಮೆ. ಗೋಲ್ಕೊಂಡ ಕೋಟೆಗೆ ಒಂದು ಬೆಳಗು ಬೇಕು. ಚಾರ್‌ಮಿನಾರ್, ಮಕ್ಕಾ ಮಸೀದಿ, ಚೌಮಹಲ್ಲಾ ಅರಮನೆಗಳಿಗೆ ಇನ್ನೊಂದು ಬೆಳಗು ಬೇಕು. ಎಲ್ಲವನ್ನೂ ತುರುಕಲು ಹೊರಟರೆ ಬಸ್ಸಿನ ಕಿಟಕಿಯ ಹೊರತು ಬೇರೇನೂ ನೆನಪಿನಲ್ಲಿ ಉಳಿಯದು. ಆದ್ದರಿಂದ ನಾವು ಒಂದೇ ಕಥೆಯನ್ನು ಆರಿಸಿಕೊಂಡೆವು. ಅದು ಮೂಸಿ ನದಿಯ ಕಥೆ, 1908ರ ಮಹಾಪ್ರವಾಹದ ಕಥೆ, ಆ ಪ್ರವಾಹದ ನಂತರ ಈ ನಗರವನ್ನು ಮತ್ತೆ ಎತ್ತಿ ನಿಲ್ಲಿಸಿದ ಕಥೆ. ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಮುಖ್ಯ ಪಾತ್ರಧಾರಿ.

ನಿಲ್ದಾಣಗಳು ಐದೇ. ಬೆಳಿಗ್ಗೆ ಆರೂವರೆಗೆ ಕುಷಾಯಿಗೂಡದಿಂದ ಹೊರಟು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಮನೆಯ ಹಾದಿ ಹಿಡಿಯುವಂತೆ ಯೋಜನೆ. ಇಪ್ಪತ್ತೈದು ಜನರಿಗೆ ಒಂದು ಮಿನಿ ಬಸ್ಸು ಸಾಕು. ಬಾಡಿಗೆಯ ಮಾರ್ಗದರ್ಶಿ ಇಲ್ಲ. ಒಂದೊಂದು ನಿಲ್ದಾಣವನ್ನು ಒಂದೊಂದು ಮಗುವಿಗೆ ಹದಿನೈದು ದಿನ ಮೊದಲೇ ವಹಿಸುತ್ತೇವೆ. ಆ ಮಗು ವಿಷಯ ಓದಿಕೊಂಡು ಬಂದು ಅಲ್ಲಿ ಐದು ನಿಮಿಷ ಕನ್ನಡದಲ್ಲಿ ಹೇಳಬೇಕು. ಹಿರಿಯರು ತಪ್ಪಿದ್ದಲ್ಲಿ ತಿದ್ದಬೇಕು. ನಿಯಮ ಇಷ್ಟೇ.

ಮೊದಲ ನಿಲ್ದಾಣ: ಮೌಲಾ ಅಲಿ ಬೆಟ್ಟ

ಕುಷಾಯಿಗೂಡದಿಂದ ನಗರದ ಕಡೆಗೆ ಹೊರಟವರಿಗೆ ಮೊದಲು ಎದುರಾಗುವುದು ಮೌಲಾ ಅಲಿ ಬೆಟ್ಟ. ಸುಮಾರು 250 ಕೋಟಿ ವರ್ಷ ಹಳೆಯದಾದ ಗ್ರಾನೈಟು ಶಿಲೆಯ ಮೇಲೆ, ಕುತುಬ್‌ಶಾಹಿ ಅರಸರ ಕಾಲದಿಂದ ಪೂಜ್ಯವೆನಿಸಿದ ದರ್ಗಾ ಇದೆ. ಬಿಸಿಲೇರುವ ಮುನ್ನ ಮೆಟ್ಟಿಲೇರಿದರೆ ಸುತ್ತಲಿನ ಊರೆಲ್ಲ ಕಾಣುತ್ತದೆ. ನಮ್ಮ ಮನೆಗಳ ದಿಕ್ಕನ್ನು ಮಕ್ಕಳಿಗೆ ಬೆರಳು ಮಾಡಿ ತೋರಿಸಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಬೆಟ್ಟದ ಬುಡದಲ್ಲಿ ಮಹ್‌ಲಕಾ ಬಾಯಿ ಚಂದಾ ಅವರ ಸಮಾಧಿಯಿದೆ. 1768ರಿಂದ 1824ರವರೆಗೆ ಬಾಳಿದ ಈಕೆ ನಿಜಾಮರ ದರಬಾರಿನಲ್ಲಿ ಮಾನ್ಯಳಾಗಿದ್ದ ನರ್ತಕಿ, ಗಾಯಕಿ, ಉರ್ದು ಕವಯಿತ್ರಿ. ತನ್ನ ಗಜಲುಗಳ ಸಂಪೂರ್ಣ ಸಂಕಲನವನ್ನು ಬಿಟ್ಟುಹೋದ ಮೊದಮೊದಲ ಮಹಿಳೆಯರಲ್ಲಿ ಒಬ್ಬಳೆಂದು ಸಾಹಿತ್ಯ ಚರಿತ್ರೆ ಆಕೆಯನ್ನು ಗುರುತಿಸುತ್ತದೆ. ತಾಯಿಗಾಗಿ ತಾನೇ ಕಟ್ಟಿಸಿದ ಆವರಣದಲ್ಲಿ ಆಕೆಯೂ ಮಲಗಿದ್ದಾಳೆ. ನಮ್ಮಲ್ಲಿ ಎಷ್ಟೋ ಜನ ಈ ಗೋಡೆಯ ಪಕ್ಕದಲ್ಲಿ ವರ್ಷಗಟ್ಟಲೆ ಓಡಾಡಿದ್ದೆವು. ಒಳಗೆ ಇರುವವರು ಯಾರೆಂದು ಕೇಳಿರಲಿಲ್ಲ.

ಎರಡನೆಯ ನಿಲ್ದಾಣ: ಉಸ್ಮಾನಿಯಾದ ಕಲಾ ಕಾಲೇಜು

ಅಲ್ಲಿಂದ ತಾರ್ನಾಕದ ಮೂಲಕ ಉಸ್ಮಾನಿಯಾ ವಿಶ್ವವಿದ್ಯಾಲಯ. ಮರದ ನೆರಳಿನಲ್ಲಿ ಮನೆಯಿಂದ ತಂದ ಉಪ್ಪಿಟ್ಟು, ಅವಲಕ್ಕಿಗಳ ಉಪಾಹಾರ. 1918ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಇಂಗ್ಲಿಷಿನ ಬದಲು ಉರ್ದುವಿನಲ್ಲಿ ನೀಡಿ ದೇಶದ ಗಮನ ಸೆಳೆಯಿತು. ಕಲಾ ಕಾಲೇಜಿನ ಭವ್ಯ ಕಟ್ಟಡ 1939ರಲ್ಲಿ ಉದ್ಘಾಟನೆಯಾಯಿತು.

ನಮಗೆ ಈ ಸ್ಥಳ ಮುಖ್ಯವಾಗುವುದು ಬೇರೊಂದು ಕಾರಣದಿಂದ. 1956ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ರಾಜಧಾನಿ ಬೆಂಗಳೂರಲ್ಲ, ಹೈದರಾಬಾದು. ಆ ಸೀಮೆಯ ಹುಡುಗರು ಓದಲು ಬರುತ್ತಿದ್ದುದು ಇಲ್ಲಿಗೆ. ಮನೆಯಲ್ಲಿ ಕನ್ನಡ, ಪಾಠದಲ್ಲಿ ಉರ್ದು, ಬೀದಿಯಲ್ಲಿ ತೆಲುಗು ಎಂದು ಮೂರು ಭಾಷೆಗಳನ್ನು ಹೊತ್ತು ನಡೆದ ಆ ತಲೆಮಾರಿನವರ ಮುಂದೆ ಇಂದಿನ ನಮ್ಮ ಮಕ್ಕಳ ಭಾಷೆಯ ತೊಡಕು ಹೊಸದೇನೂ ಅಲ್ಲ. ಈ ಮಾತನ್ನು ನಾವು ಮಕ್ಕಳಿಗೆ ತಪ್ಪದೆ ಹೇಳುತ್ತೇವೆ.

ಮೂರನೆಯ ನಿಲ್ದಾಣ: ಕಾಚಿಗೂಡ

ಕಾಚಿಗೂಡ ರೈಲು ನಿಲ್ದಾಣದ ಗುಮ್ಮಟಗಳ ಕಟ್ಟಡ 1916ರದು. ಬೆಂಗಳೂರು, ಮೈಸೂರುಗಳ ಕಡೆಗೆ ಹೊರಡುವ ನಮಗೆ ಇದು ತವರಿನ ಬಾಗಿಲು. ಗಾಡಿ ತಪ್ಪೀತೆಂಬ ಅವಸರದಲ್ಲಿ ಓಡುವಾಗ ತಲೆಯೆತ್ತಿ ನೋಡಿರುವುದಿಲ್ಲ. ನೋಡಲೆಂದೇ ಬಂದಾಗ ಅದರ ಚೆಲುವು ಕಾಣುತ್ತದೆ.

ಈ ಬಡಾವಣೆ ಹಳೆಯ ಹೈದರಾಬಾದಿನ ಕನ್ನಡಿಗರ ನೆಲೆ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರು ಹೊತ್ತ ವಿದ್ಯಾಸಂಸ್ಥೆ ಎರಡೂ ಇಲ್ಲಿಯವು. ಹೈದರಾಬಾದಿನಲ್ಲಿ 1941ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವೂ ನಡೆದಿತ್ತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಭಾರತದ ಒಕ್ಕೂಟದ ಪಾಲಾಯಿತು. ಆ ಹೋರಾಟದ ಮುಂಚೂಣಿಯಲ್ಲಿದ್ದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ವಿಜಾಪುರ ಸೀಮೆಯ ಸಿಂದಗಿಯಲ್ಲಿ. 1956ರ ನವೆಂಬರ್ 1ರಂದು ಮೂರು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಜಿಲ್ಲೆಗಳು ಅತ್ತ ಹೋದರೂ ಕಾಚಿಗೂಡದ ಕನ್ನಡ ಇಲ್ಲಿಯೇ ಉಳಿಯಿತು. ನಾವು ಬರುವುದಕ್ಕೆ ಎಷ್ಟೋ ಮುಂಚೆ ಇಲ್ಲಿ ಕನ್ನಡದ ದೀಪ ಹಚ್ಚಿಟ್ಟವರಿದ್ದರು.

ನಾಲ್ಕನೆಯ ನಿಲ್ದಾಣ: ಹುಣಿಸೆ ಮರ ಮತ್ತು ನದಿ

ಇನ್ನು ಮುಂದಿನದು ನಮ್ಮ ಯಾತ್ರೆಯ ತಿರುಳು. ಅಫ್ಜಲ್‌ಗಂಜಿನಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಆವರಣದೊಳಗೆ ಒಂದು ಮುದಿ ಹುಣಿಸೆ ಮರವಿದೆ. ರೋಗಿಗಳಿಗೆ ಅಡ್ಡಿಯಾಗದಂತೆ ಸದ್ದಿಲ್ಲದೆ ಹೋಗಿ ನಾವು ಅದರ ಕೆಳಗೆ ನಿಲ್ಲುತ್ತೇವೆ.

1908ರ ಸೆಪ್ಟೆಂಬರ್ ಕೊನೆಯಲ್ಲಿ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಸುರಿಯಿತು. 28ರಂದು ಮೂಸಿ ದಂಡೆ ಮೀರಿ ಊರಿಗೆ ನುಗ್ಗಿತು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. 1578ರಲ್ಲಿ ಕಟ್ಟಿದ ಪುರಾನಾಪುಲ್ ಒಂದು ಮಾತ್ರ ಉಳಿಯಿತು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಉರ್ದು ಕವಿ ಅಮ್ಜದ್ ಹೈದರಾಬಾದಿ ಒಂದೇ ದಿನ ತಾಯಿ, ಮಡದಿ, ಮಗಳು ಮೂವರನ್ನೂ ಕಳೆದುಕೊಂಡರು. ಆ ಹೊತ್ತಿನಲ್ಲಿ ಈ ಹುಣಿಸೆ ಮರವನ್ನೇರಿ ಕೊಂಬೆಗಳಿಗೆ ಆತುಕೊಂಡ ಸುಮಾರು 150 ಜನ ಬದುಕುಳಿದರು.

ಒಂದು ವರ್ಷ ಈ ನಿಲ್ದಾಣವನ್ನು ವಹಿಸಿಕೊಂಡದ್ದು ಅಂದು ಪ್ರಶ್ನೆ ಕೇಳಿದ ಅದೇ ಹುಡುಗಿ. ಕೈಯಲ್ಲಿದ್ದ ಹಾಳೆಯನ್ನು ನೋಡುತ್ತ ಆಕೆ ಕಥೆಯನ್ನೆಲ್ಲ ಶುದ್ಧ ಕನ್ನಡದಲ್ಲಿ ಹೇಳಿದಳು. ಮುಗಿದ ಮೇಲೆ ಹಾಳೆಯನ್ನು ತೆಗೆದುಕೊಂಡು ನೋಡಿದೆವು. ಮಾತು ಕನ್ನಡ, ಬರೆದ ಲಿಪಿ ತೆಲುಗು. ಶಾಲೆಯಲ್ಲಿ ಕಲಿತ ಲಿಪಿ ಅದೊಂದೇ. ನಮ್ಮಲ್ಲಿ ಯಾರೂ ನಗಲಿಲ್ಲ. ತಪ್ಪು ಮಗುವಿನದಾಗಿರಲಿಲ್ಲ, ಅಕ್ಷರ ಕಲಿಸದೆ ವರ್ಷಗಳನ್ನು ಕಳೆದವರು ನಾವು. ಎರಡು ಲಿಪಿಗಳೂ ಒಡಹುಟ್ಟಿದಂತಿರುವುದರಿಂದ ಒಂದನ್ನು ಬಲ್ಲ ಮಗುವಿಗೆ ಇನ್ನೊಂದನ್ನು ಕಲಿಸಲು ಹೆಚ್ಚು ದಿನ ಬೇಕಿಲ್ಲ. ಮರುವರ್ಷ ಅವಳ ಹಾಳೆ ಕನ್ನಡ ಲಿಪಿಯಲ್ಲಿತ್ತು. ತಲಕಟ್ಟುಗಳು ಇನ್ನೂ ತೆಲುಗಿನವೇ ಆಗಿದ್ದವು, ಅಷ್ಟೇ.

ಮರದ ಕೆಳಗಿನಿಂದ ನಯಾಪುಲ್ ಸೇತುವೆಗೆ ಬಂದು ನದಿಯನ್ನು ನೋಡುತ್ತ ಕಥೆಯ ಉತ್ತರಾರ್ಧವನ್ನು ಹೇಳುತ್ತೇವೆ. ಆಗಿನ ನಿಜಾಮರಾದ ಮಹಬೂಬ್ ಅಲಿ ಖಾನರ ಸರ್ಕಾರ ಪರಿಹಾರಕ್ಕಾಗಿ ಆಗತಾನೆ ಮುಂಬಯಿ ಸರ್ಕಾರದ ಸೇವೆಯಿಂದ ಬಿಡುವು ಪಡೆದಿದ್ದ ವಿಶ್ವೇಶ್ವರಯ್ಯನವರನ್ನು ಕರೆಯಿತು. ಅವರು 1909ರ ಏಪ್ರಿಲಿನಲ್ಲಿ ಬಂದು ಅದೇ ವರ್ಷ ವರದಿ ಸಿದ್ಧಪಡಿಸಿದರು. ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ ತೆರಳಿದರು. ಹೈದರಾಬಾದಿನಲ್ಲಿ ಆ ಬಾರಿ ಅವರಿದ್ದದ್ದು ಕೆಲವೇ ತಿಂಗಳು.

ಆ ತಿಂಗಳುಗಳಲ್ಲಿ ಅವರು ಕಂಡುಕೊಂಡದ್ದೇನು? ನಗರದ ಮೇಲ್ಭಾಗದಲ್ಲಿ ಮೂಸಿಯ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಗೆ ನುಗ್ಗಿ, ಅದರ ಏರಿಯನ್ನೂ ಒಡೆದು, ಮಳೆಯ ನೀರಿನ ಜೊತೆಗೆ ಕೆರೆಗಳ ನೀರೂ ಒಮ್ಮೆಲೇ ನಗರದ ಮೇಲೆ ಬಿತ್ತು. ನದಿಗೆ ಎತ್ತರದ ದಡ ಕಟ್ಟಿದರಷ್ಟೇ ಸಾಲದು. ನಗರಕ್ಕೆ ಬರುವ ಮೊದಲೇ ಪ್ರವಾಹವನ್ನು ತಡೆದು ಹಿಡಿದು, ನದಿ ತಾಳುವಷ್ಟನ್ನು ಮಾತ್ರ ಬಿಡಬೇಕೆಂದು ಅವರು ಸೂಚಿಸಿದರು. ಹಾಗೆ ರೂಪುಗೊಂಡವು ಎರಡು ಜಲಾಶಯಗಳು. ಮೂಸಿಗೆ ಅಡ್ಡಲಾಗಿ 1920ರಲ್ಲಿ ಮುಗಿದ ಉಸ್ಮಾನ್ ಸಾಗರ, ಅಂದರೆ ನಮ್ಮ ಗಂಡಿಪೇಟೆ ಕೆರೆ. ಅದರ ಉಪನದಿ ಈಸಿಗೆ ಅಡ್ಡಲಾಗಿ 1927ರಲ್ಲಿ ಮುಗಿದ ಹಿಮಾಯತ್ ಸಾಗರ. ಮೊದಲನೆಯದು ಸುಮಾರು 3.9 ಟಿ.ಎಂ.ಸಿ., ಎರಡನೆಯದು ಸುಮಾರು 2.9 ಟಿ.ಎಂ.ಸಿ. ನೀರು ಹಿಡಿಯುತ್ತವೆ. ಪ್ರವಾಹವನ್ನು ತಡೆಯಲೆಂದು ಹುಟ್ಟಿದ ಇವು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ನದಿಯ ದಡಗಳೂ ರೂಪ ಬದಲಿಸಿದವು. 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಸೇತುವೆಯ ಮೇಲೆ ನಿಂತರೆ ಒಂದು ದಡದಲ್ಲಿ 1920ರಲ್ಲಿ ಉದ್ಘಾಟನೆಯಾದ ಹೈಕೋರ್ಟು, ಎದುರು ದಡದಲ್ಲಿ 1925ರಲ್ಲಿ ಮುಗಿದ ಉಸ್ಮಾನಿಯಾ ಆಸ್ಪತ್ರೆ. ಎರಡೂ ವಾಸ್ತುಶಿಲ್ಪಿ ವಿನ್ಸೆಂಟ್ ಎಷ್ ಅವರ ಕಲ್ಪನೆಗಳು. ಪ್ರವಾಹ ಬಳಿದುಕೊಂಡು ಹೋದ ದಡದ ಮೇಲೆಯೇ ನಗರ ತನ್ನ ನ್ಯಾಯಾಲಯವನ್ನೂ ಆಸ್ಪತ್ರೆಯನ್ನೂ ಕಟ್ಟಿಕೊಂಡಿತು.

ಗಂಡಿಪೇಟೆ ನಗರದ ಪಶ್ಚಿಮದಲ್ಲಿ ದೂರವಿದೆ. ಅರ್ಧ ದಿನದಲ್ಲಿ ಅದನ್ನು ಸೇರಿಸಲು ಸಾಧ್ಯವಿಲ್ಲ. ಅದಕ್ಕೊಂದು ಬೇರೆ ಭಾನುವಾರವನ್ನು ಇಟ್ಟುಕೊಳ್ಳುವುದು ಒಳಿತು.

ಐದನೆಯ ನಿಲ್ದಾಣ: ಸಾಲಾರ್ ಜಂಗ್ ವಸ್ತುಸಂಗ್ರಹಾಲಯ

ನದಿಯ ದಕ್ಷಿಣ ದಡದಲ್ಲೇ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವಿದೆ. ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಶುಕ್ರವಾರ ರಜೆ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889–1949) ಮತ್ತು ಅವರ ಪೂರ್ವಿಕರು ಕೂಡಿಸಿದ ಸಂಗ್ರಹವಿದು. 1951ರಲ್ಲಿ ಅವರ ನಿವಾಸದಲ್ಲಿ ತೆರೆದದ್ದು 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಎಲ್ಲವನ್ನೂ ನೋಡಲು ಹೊರಟರೆ ದಿನವೇ ಸಾಲದು. ನಾವು ಮೂರನ್ನು ಮಾತ್ರ ನೋಡುತ್ತೇವೆ.

ಮೊದಲನೆಯದು ಇಟಲಿಯ ಶಿಲ್ಪಿ ಬೆನ್ಜೋನಿ ಕಡೆದ 'ಮುಸುಕಿನ ರೆಬೆಕಾ'. ಕಲ್ಲಿನಲ್ಲಿ ತೆಳುವಾದ ಬಟ್ಟೆಯನ್ನು ಕಂಡು ಮಕ್ಕಳು ಬೆರಗಾಗುತ್ತಾರೆ.

ಎರಡನೆಯದು ಬಿದರಿ ಪಾತ್ರೆಗಳ ವಿಭಾಗ. ಬೀದರಿನಿಂದ ಹೆಸರು ಪಡೆದ ಈ ಕಲೆಯ ಗುಟ್ಟು ಹೀಗಿದೆ: ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಚಿತ್ತಾರ ಕೊರೆದು, ಕೊರೆದ ಗೆರೆಗಳಲ್ಲಿ ಬೆಳ್ಳಿಯನ್ನು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿಯಾದ ಪಾತ್ರೆಗೆ ತಿಕ್ಕುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ನಮ್ಮ ತಂಡದಲ್ಲಿ ಬೀದರ ಮೂಲದ ಹಿರಿಯರೊಬ್ಬರಿದ್ದಾರೆ. ಉಳಿದೆಡೆ ಮೌನವಾಗಿರುವ ಅವರು ಈ ಗಾಜಿನ ಕಪಾಟುಗಳ ಮುಂದೆ ಬಂದೊಡನೆ ಮಾತಿಗಾರಂಭಿಸುತ್ತಾರೆ. ಕುಶಲಿಗಳು ಸರಿಯಾದ ಮಣ್ಣನ್ನು ನಾಲಿಗೆಯ ಮೇಲಿಟ್ಟು ಗುರುತಿಸುವ ಬಗೆಯನ್ನು ಅವರ ಬಾಯಿಂದಲೇ ಕೇಳಬೇಕು.

ಮೂರನೆಯದು ಪ್ರಸಿದ್ಧವಾದ ಸಂಗೀತ ಗಡಿಯಾರ. ಪ್ರತಿ ಗಂಟೆಗೂ ಪುಟ್ಟ ಬೊಂಬೆ ಹೊರಬಂದು ಗಂಟೆ ಬಾರಿಸಿ ಒಳಹೋಗುತ್ತದೆ. ಹನ್ನೆರಡಕ್ಕೆ ಹನ್ನೆರಡು ಪೆಟ್ಟು ನೋಡಲೆಂದು ಜನ ಕಿಕ್ಕಿರಿಯುತ್ತಾರೆ. ಆ ಹನ್ನೆರಡನೆಯ ಪೆಟ್ಟೇ ನಮ್ಮ ದರ್ಶನದ ಮುಕ್ತಾಯದ ಸೂಚನೆ. ರತ್ನಾಭರಣದ ಮಳಿಗೆಗೆ ನಾವು ಹೋಗುವುದಿಲ್ಲ.

ಮರಳುವ ಹಾದಿಯಲ್ಲಿ

ಹಿಂದಿರುಗುವಾಗ ಮಹಾತ್ಮ ಗಾಂಧಿ ಬಸ್ ನಿಲ್ದಾಣದ ಬಳಿ ಹಾದುಬರುತ್ತೇವೆ. ಊರಿಗೆ ಬಸ್ಸು ಹತ್ತಲು ನಾವೆಲ್ಲ ಬಳಸುವ ಈ ನಿಲ್ದಾಣ ನದಿಯ ನಡುವಿನ ನಡುಗಡ್ಡೆಯ ಮೇಲಿದೆ ಎಂಬುದು ಎಷ್ಟೋ ಜನರಿಗೆ ಹೊಳೆದಿರುವುದಿಲ್ಲ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭಾರಿ ಮಳೆಯಾಗಿ ಎರಡೂ ಜಲಾಶಯಗಳ ಬಾಗಿಲುಗಳನ್ನು ತೆರೆದಾಗ ಈ ನಿಲ್ದಾಣದೊಳಗೆ ನೀರು ನುಗ್ಗಿ ಬಸ್ಸುಗಳ ಓಡಾಟ ನಿಂತಿತು. 1908ರ ತಿಂಗಳೂ ಅದೇ, ನದಿಯೂ ಅದೇ.

ಈ ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಟ್ಟಡ, ಕೈಗಾರಿಕೆಗಳನ್ನು ನಿರ್ಬಂಧಿಸಿ 1996ರಲ್ಲಿ 111ನೇ ಸರ್ಕಾರಿ ಆದೇಶ ಹೊರಟಿತ್ತು. 2022ರಲ್ಲಿ ಆ ನಿರ್ಬಂಧಗಳನ್ನು ತೆಗೆಯಲು ಇನ್ನೊಂದು ಆದೇಶ ಬಂತು. ಯಾವುದು ಸರಿಯೆಂದು ತೀರ್ಪು ಕೊಡುವವರು ನಾವಲ್ಲ. ಆದರೆ ಕೆರೆಯ ಜಾಗದಲ್ಲಿ ಕೆರೆಯೇ ಇರಬೇಕೆಂಬುದು 788 ಕೆರೆಗಳನ್ನು ಎಣಿಸಿದ ಇಂಜಿನಿಯರರ ಕಥೆ ಕೇಳಿದವರಿಗೆ ವಿವರಿಸಿ ಹೇಳಬೇಕಾದ ಮಾತಲ್ಲ.

ಹೊರಗಿನಿಂದ ಬಂದವರೆಂಬ ಸಂಕೋಚದಲ್ಲಿ ಈ ಊರಿನ ಕಷ್ಟಸುಖಗಳಿಂದ ನಾವು ಬಹುಕಾಲ ದೂರ ನಿಂತಿದ್ದೆವು. ಕೆಲವೇ ತಿಂಗಳು ಇಲ್ಲಿದ್ದ ಒಬ್ಬ ಕನ್ನಡಿಗರು ನೂರು ವರ್ಷಗಳಿಗೂ ಮೀರಿ ಬಾಳುವ ಕೆಲಸಕ್ಕೆ ಅಡಿಪಾಯ ಹಾಕಿ ಹೋದರು. ಬಾಳನ್ನೇ ಇಲ್ಲಿ ಕಳೆದ ನಾವು ಇದನ್ನು ಪರರ ಊರೆಂದುಕೊಳ್ಳುವುದು ಸರಿಯೇ? ನಮ್ಮ ಮಕ್ಕಳಿಗಂತೂ ಹುಟ್ಟೂರು ಇದೇ. ಕನ್ನಡವನ್ನು ಉಳಿಸಿಕೊಳ್ಳಲು ಅವರು ಈ ಊರನ್ನು ಬಿಟ್ಟುಕೊಡಬೇಕಾಗಿಲ್ಲ.

ಕಳೆದ ಸಲ ಬಸ್ಸು ಮನೆಯ ಹತ್ತಿರ ಬಂದಾಗ ಮಕ್ಕಳೇ ಕಾಪ್ರಾ ಕೆರೆಯ ಬಳಿ ನಿಲ್ಲಿಸಬೇಕೆಂದು ಹಟ ಹಿಡಿದರು. ಹಸಿವಾಗಿತ್ತು, ಬಿಸಿಲೂ ಇತ್ತು. ಆದರೂ ಎಲ್ಲರೂ ಇಳಿದು ಸ್ವಲ್ಪ ಹೊತ್ತು ಏರಿಯ ಮೇಲೆ ನಿಂತು ನೀರನ್ನು ನೋಡಿದೆವು. ದಿನವೂ ಕಾಣುವ ಕೆರೆಯದು. ಮುಂದಿನ ವರ್ಷದ ದರ್ಶನಕ್ಕೆ ಅದನ್ನು ಆರನೆಯ ನಿಲ್ದಾಣವಾಗಿ ಸೇರಿಸಿಕೊಂಡಿದ್ದೇವೆ. ಅಲ್ಲಿ ಮಾತಾಡುವ ಮಗು ಈಗಾಗಲೇ ಕನ್ನಡದಲ್ಲಿ ಬರೆಯಲು ಕುಳಿತಿದೆ.